‘ನೈಫ್’ನ ಮೊದಲ ಅಕ್ಷರಕ್ಕೂ ಒಮ್ಮೆ ದನಿಯಿತ್ತು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಭಾಷೆಯ ಬಗ್ಗೆಯೇ ಇವೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಆ ಭಾಷೆಯ ಚರಿತ್ರೆಯನ್ನು ಪಾಠ ಮಾಡಿದವಳಿಗೆ ಇದಕ್ಕಿಂತ ಖುಷಿಯ ಕೆಲಸ ಬೇರೆ ಇಲ್ಲ. ಮೊದಲ ಪತ್ರಕ್ಕೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಅದನ್ನು ಓದಿದ ದಿನ ನನಗೆ ಬೇರೆ ಯಾವ ಕೆಲಸಕ್ಕೂ ಮನಸ್ಸಾಗಲಿಲ್ಲ.

ಪ್ರಶ್ನೆ: ಆರನೇ ತರಗತಿಯಲ್ಲಿರುವ ನನ್ನ ಮಗಳು ‘ನೈಫ್’ ಎಂಬ ಪದವನ್ನು ‘ಕ್ನೈಫ್’ ಎಂದು ಓದಿದಳು. ಇಡೀ ತರಗತಿ ನಕ್ಕಿತಂತೆ. ಅಂದಿನಿಂದ ಗಟ್ಟಿಯಾಗಿ ಓದಲು ಒಲ್ಲೆ ಎನ್ನುತ್ತಾಳೆ. ಬಾಯಲ್ಲಿ ಹೇಳದ ಅಕ್ಷರವನ್ನು ಇಂಗ್ಲಿಷಿನವರು ಯಾಕಾದರೂ ಬರೆಯುತ್ತಾರೆ? (ಒಬ್ಬ ತಾಯಿ)

ಉತ್ತರ: ಅಮ್ಮಾ, ಮೊದಲು ಮಗಳನ್ನು ಹತ್ತಿರ ಕೂರಿಸಿಕೊಂಡು ಇಷ್ಟು ಹೇಳಿ: ಅವಳ ಉಚ್ಚಾರಕ್ಕೆ ಹಳೆಯ ಆಧಾರವಿದೆ. ಆರು ನೂರು ವರ್ಷಗಳ ಹಿಂದೆ ಲಂಡನ್ನಿನ ಜನ ಆ ಪದವನ್ನು ‘ಕ್ನೀಫ್’ ಎಂದೇ ಹೇಳುತ್ತಿದ್ದರು. ಮೊಣಕಾಲಿಗೆ ಅವರು ಹೇಳುವ ‘ನೀ’ ಕೂಡ ಆಗ ‘ಕ್ನೇ’ ಆಗಿತ್ತು. ಜರ್ಮನರು ಇವತ್ತಿಗೂ ಮೊಣಕಾಲನ್ನು ‘ಕ್ನೀ’ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಈ ‘ಕ್’ ಮೆಲ್ಲಗೆ ಸವೆಯುತ್ತ ಬಂದು, 1700ರ ಸುಮಾರಿಗೆ ಪೂರ್ತಿ ಹೋಯಿತು. ಯೋಧ ಎಂಬ ಅರ್ಥದ ‘ನೈಟ್’ ಪದವನ್ನು ನೋಡಿ. ಕೆ, ಎನ್, ಐ, ಜಿ, ಎಚ್, ಟಿ. ಆರು ಅಕ್ಷರಗಳಲ್ಲಿ ಯಾವುದೂ ದಂಡಕ್ಕೆ ಬಂದದ್ದಲ್ಲ. ‘ಕ್ನಿಖ್ತ್’ ಎಂದು ಹೇಳಿ ನೋಡಿ, ಆರೂ ಕೆಲಸ ಮಾಡುತ್ತವೆ. ಹಳೆಯ ಉಚ್ಚಾರ ಹೆಚ್ಚುಕಡಿಮೆ ಅದೇ.

ಸ್ವರಗಳ ಕತೆ ಇನ್ನೂ ಸೊಗಸಾದದ್ದು. ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಇದನ್ನು ಹೇಳುತ್ತಿದ್ದೆ. ಕವಿ ಚಾಸರ್ ತೀರಿಕೊಂಡದ್ದು 1400ರಲ್ಲಿ. ಅವನ ಕಾಲದವರು ‘ನೇಮ್’ ಎಂಬ ಪದವನ್ನು ‘ನಾಮ’ ಎನ್ನುತ್ತಿದ್ದರು. ಹೌದು, ನಮ್ಮ ‘ನಾಮ’ದ ಹಾಗೆಯೇ, ಕೊನೆಯ ಸ್ವರ ಮಾತ್ರ ಕೊಂಚ ಸಡಿಲ. ‘ಟೈಮ್’ ಆಗ ‘ತೀಮ’, ‘ಹೌಸ್’ ಆಗ ‘ಹೂಸ್’, ‘ಫೀಟ್’ ಆಗ ‘ಫೇಟ್’, ‘ಮೂನ್’ ಆಗ ‘ಮೋನ್’. ಅಂದರೆ ಎ, ಇ, ಐ, ಒ, ಯು ಅಕ್ಷರಗಳು ದೀರ್ಘವಾದಾಗ ಆ, ಏ, ಈ, ಓ, ಊ ಎಂದೇ ಕೇಳುತ್ತಿದ್ದವು. ಕನ್ನಡದ ಮಗು ಮೊದಲ ಸಲ ಇಂಗ್ಲಿಷ್ ಅಕ್ಷರ ಕೂಡಿಸುವಾಗ ಸಹಜವಾಗಿ ಹೇಗೆ ಓದುತ್ತದೋ ಹಾಗೆ.

ಆಮೇಲೆ ಸುಮಾರು 1400ರಿಂದ 1700ರವರೆಗೆ ಈ ದೀರ್ಘಸ್ವರಗಳೆಲ್ಲ ಬಾಯೊಳಗೆ ಒಂದೊಂದು ಮೆಟ್ಟಿಲು ಮೇಲೇರಿದವು. ಆ ಇದ್ದದ್ದು ಏ ಕಡೆಗೆ, ಏ ಇದ್ದದ್ದು ಈ ಕಡೆಗೆ, ಓ ಇದ್ದದ್ದು ಊ ಕಡೆಗೆ. ಈ ಮತ್ತು ಊ ಆಗಲೇ ತುದಿಯಲ್ಲಿದ್ದವು, ಅವಕ್ಕೆ ಏರಲು ಮೇಲೆ ಜಾಗವಿಲ್ಲ. ಅವು ಒಡೆದು ಐ ಮತ್ತು ಔ ಆದವು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೊ ಯೆಸ್ಪರ್ಸನ್ ಇದಕ್ಕೆ ಕೊಟ್ಟ ಹೆಸರನ್ನು ನಾವು ‘ಮಹಾ ಸ್ವರಪಲ್ಲಟ’ ಎನ್ನಬಹುದು.

ತೊಂದರೆ ಆದದ್ದು ಇಲ್ಲೇ. ಈ ಪಲ್ಲಟ ಅರ್ಧ ದಾರಿಯಲ್ಲಿದ್ದಾಗ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಅಚ್ಚಿನ ಮೊಳೆಗಳಲ್ಲಿ ಹಳೆಯ ಕಾಗುಣಿತ ಗಟ್ಟಿಯಾಯಿತು, ಬಾಯಿ ಮಾತ್ರ ಮುಂದೆ ಹೋಯಿತು. ಇದರ ಮೇಲೆ 16ನೇ ಶತಮಾನದ ಪಂಡಿತರು ಲ್ಯಾಟಿನ್ ಮೋಹದಲ್ಲಿ ಹೊಸ ಅಕ್ಷರಗಳನ್ನು ತುರುಕಿದರು. ಸಾಲ ಎಂಬ ಅರ್ಥದ ‘ಡೆಟ್’ ಫ್ರೆಂಚಿನಿಂದ ಬರುವಾಗ ಅದರಲ್ಲಿ ‘ಬಿ’ ಇರಲಿಲ್ಲ. ಲ್ಯಾಟಿನ್ನಿನ ‘ಡೆಬಿಟುಮ್’ ನೆನಪಾಗಲಿ ಎಂದು ಸೇರಿಸಿದರು. ‘ಐಲ್ಯಾಂಡ್’ ಪದದ ‘ಎಸ್’ ಅಂತೂ ಶುದ್ಧ ತಪ್ಪು. ಅದು ಅಚ್ಚ ಇಂಗ್ಲಿಷ್ ಪದ, ಲ್ಯಾಟಿನ್ನಿನ ‘ಇನ್ಸುಲ’ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ಲ್ಯಾಟಿನ್ ಮೂಲದ ಇನ್ನೊಂದು ಪದದ ಜೊತೆ ಗೊಂದಲ ಮಾಡಿಕೊಂಡು ‘ಎಸ್’ ಅಂಟಿಸಿದರು.

ಈ ಪದದ ಬಗ್ಗೆ ನನಗೊಂದು ನೆನಪಿದೆ. ಹನ್ನೊಂದು ವರ್ಷದವಳಿದ್ದಾಗ ಅದನ್ನು ‘ಇಸ್‌ಲ್ಯಾಂಡ್’ ಎಂದು ಓದಿ ಒಂದು ಪೀರಿಯಡ್ ಪೂರ್ತಿ ಬೆಂಚಿನ ಮೇಲೆ ನಿಂತಿದ್ದೆ. ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಪದಮೂಲಗಳ ನಿಘಂಟು ತಿರುವುತ್ತಿದ್ದವಳು ಆ ‘ಎಸ್’ನ ಕತೆಗೆ ಬಂದೆ. ಪುಟದ ಮೇಲೆ ಕೈಯಿಟ್ಟು ತುಂಬ ಹೊತ್ತು ಕೂತಿದ್ದೆ. ಬೆಂಚಿನ ಮೇಲೆ ನಿಂತ ಹುಡುಗಿಯದಲ್ಲ ಆ ತಪ್ಪು. ನಾನು ಈ ವಿಷಯ ಓದಲು ಹೊರಟದ್ದೇ ಆವತ್ತಿನಿಂದ. ನಿಮ್ಮ ಮಗಳು ಪರೀಕ್ಷೆಯಲ್ಲಿ ‘ನೈಫ್’ ಎಂದೇ ಓದಬೇಕು, ಅದು ಈಗಿನ ರೂಢಿ. ಆದರೆ ‘ಕ್’ ಎಲ್ಲಿ ಹೋಯಿತು ಎಂದು ಕೇಳುವ ಮಗು ಬರೆದದ್ದನ್ನು ನಿಜವಾಗಿ ನೋಡುತ್ತಿರುವ ಮಗು. ದಯವಿಟ್ಟು ಅವಳಿಂದ ಗಟ್ಟಿಯಾಗಿ ಓದಿಸಿ.

ಪ್ರಶ್ನೆ: ಇಂಗ್ಲಿಷ್ ಹುಟ್ಟಿದ್ದು ಲ್ಯಾಟಿನ್ನಿನಿಂದ ಎನ್ನುತ್ತಾರೆ ಕೆಲವರು, ಸಂಸ್ಕೃತದಿಂದ ಎನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ? (ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು)

ಉತ್ತರ: ಎರಡೂ ಸರಿಯಲ್ಲ. ಇಂಗ್ಲಿಷ್ ಜರ್ಮಾನಿಕ್ ಗುಂಪಿನ ಭಾಷೆ. ರೋಮನ್ನರ ಆಡಳಿತ ಸುಮಾರು 410ರಲ್ಲಿ ಬ್ರಿಟನ್ನಿನಿಂದ ಕಾಲ್ತೆಗೆದ ಮೇಲೆ, ಈಗಿನ ಡೆನ್ಮಾರ್ಕ್ ಮತ್ತು ಉತ್ತರ ಜರ್ಮನಿಯ ಕರಾವಳಿಯಿಂದ ಆಂಗಲ್, ಸ್ಯಾಕ್ಸನ್, ಜ್ಯೂಟ್ ಎಂಬ ಬುಡಕಟ್ಟುಗಳು ದೋಣಿಯಲ್ಲಿ ಬಂದು ನೆಲೆಸಿದವು. ಬೀಡ್ ಎಂಬ ಸನ್ಯಾಸಿ 731ರಲ್ಲಿ ಬರೆದು ಮುಗಿಸಿದ ಇತಿಹಾಸ ಈ ಆಗಮನಕ್ಕೆ ಕೊಡುವ ವರ್ಷ 449. ಆಂಗಲ್ಲರ ಹೆಸರಿನಿಂದಲೇ ‘ಇಂಗ್ಲಿಷ್’ ಬಂತು. ಅದರ ಅತಿ ಹತ್ತಿರದ ನೆಂಟ ಲ್ಯಾಟಿನ್ ಅಲ್ಲ, ನೆದರ್ಲೆಂಡ್ಸ್‌ನಲ್ಲಿ ಇಂದಿಗೂ ಮಾತಾಡುವ ಫ್ರಿಸಿಯನ್. ಹೊಸಬರು ಅಲ್ಲಿನ ಮೂಲನಿವಾಸಿಗಳನ್ನು ‘ವೆಆಲಾಸ್’, ಅಂದರೆ ‘ಪರಕೀಯರು’ ಎಂದು ಕರೆದರು. ‘ವೇಲ್ಸ್’ ಎಂಬ ಹೆಸರು ಹುಟ್ಟಿದ್ದು ಅದರಿಂದ. ತಮ್ಮದೇ ನೆಲದಲ್ಲಿ ಪರಕೀಯರಾದ ಆ ಜನರ ಮಾತು ಕೆಳಗೆ ಇನ್ನೊಮ್ಮೆ ಬರುತ್ತದೆ.

ಸಂಸ್ಕೃತದ ನಂಟು ಸುಳ್ಳಲ್ಲ, ಆದರೆ ಅದು ತಾಯಿ–ಮಗಳ ನಂಟಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ ಎಂಬ ಬ್ರಿಟಿಷ್ ನ್ಯಾಯಾಧೀಶ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ. ಆ ಮೂಲದ ಇನ್ನೊಂದು ಕವಲು ಜರ್ಮಾನಿಕ್. 1822ರಲ್ಲಿ ಜರ್ಮನ್ ಪಂಡಿತ ಯಾಕೋಬ್ ಗ್ರಿಮ್ ಈ ಕವಲಿನಲ್ಲಿ ಆದ ಧ್ವನಿಬದಲಾವಣೆಯ ನಿಯಮ ತೋರಿಸಿಕೊಟ್ಟ. ಸಂಸ್ಕೃತದಲ್ಲಿ ‘ಪ’ ಇದ್ದ ಕಡೆ ಇಂಗ್ಲಿಷಿನಲ್ಲಿ ‘ಫ’: ಪಿತೃ–ಫಾದರ್, ಪಾದ–ಫುಟ್. ‘ದ’ ಇದ್ದ ಕಡೆ ‘ಟ’: ದ್ವಿ–ಟೂ, ದಶ–ಟೆನ್, ದಂತ–ಟೂತ್. ಪರೀಕ್ಷೆಯಲ್ಲಿ ಇಷ್ಟು ಬರೆಯಿರಿ. ಕನ್ನಡ ಈ ಕುಟುಂಬದ್ದಲ್ಲ ಎಂಬುದನ್ನೂ ನೆನಪಿಡಿ. ನಮ್ಮ ತಂದೆ, ಎರಡು, ಹತ್ತು, ಹಲ್ಲು ಯಾವುದೂ ಆ ಪಟ್ಟಿಗೆ ಹೊಂದುವುದಿಲ್ಲ.

ಪ್ರಶ್ನೆ: ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದು ನಿವೃತ್ತನಾದವನು. ಇಂಗ್ಲಿಷ್ ಕಾನೂನು ಪತ್ರಗಳಲ್ಲಿ ‘ವಿಲ್ ಅಂಡ್ ಟೆಸ್ಟಮೆಂಟ್’ (ಉಯಿಲು), ‘ಗೂಡ್ಸ್ ಅಂಡ್ ಚಾಟಲ್ಸ್’ (ಚರಾಸ್ತಿ) ಎಂದು ಒಂದೇ ಅರ್ಥಕ್ಕೆ ಎರಡು ಪದ ಯಾಕೆ? ಇಡೀ ಸೇವಾವಧಿ ಟೈಪ್ ಮಾಡಿದೆ, ಯಾರೂ ಹೇಳಲಿಲ್ಲ.

ಉತ್ತರ: ಸ್ವಾಮಿ, ನೀವು ಟೈಪ್ ಮಾಡಿದ್ದು ಒಂದು ಸೋಲಿನ ಕತೆ. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಬಳಿಯ ಕಾಳಗದಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಗೆದ್ದ. ದೊರೆ, ಧಣಿ, ನ್ಯಾಯಾಧೀಶ, ಬಿಷಪ್ ಎಲ್ಲರೂ ಫ್ರೆಂಚ್ ಮಾತಾಡುವವರಾದರು. ಇಂಗ್ಲಿಷ್ ಉಳುವವರ, ನೂಲುವವರ ಭಾಷೆಯಾಗಿ ಉಳಿಯಿತು. ದಾವೆ ಹೂಡುವವನ ಭಾಷೆ ಒಂದು, ತೀರ್ಪು ಕೊಡುವವನದು ಇನ್ನೊಂದು. ‘ವಿಲ್’, ‘ಗೂಡ್ಸ್’ ಮೊದಲಿನದರ ಪದಗಳು. ‘ಟೆಸ್ಟಮೆಂಟ್’ ಲ್ಯಾಟಿನ್, ‘ಚಾಟಲ್ಸ್’ ಫ್ರೆಂಚ್. ಎರಡೂ ಕಡೆಯ ಪದಗಳು ಜೋಡಿಯಾಗಿ ದಸ್ತಾವೇಜಿನಲ್ಲಿ ನಿಂತುಬಿಟ್ಟವು. 1362ರಲ್ಲಿ ನ್ಯಾಯಾಲಯದ ವಾದ ಇಂಗ್ಲಿಷಿನಲ್ಲೇ ನಡೆಯಬೇಕೆಂಬ ಶಾಸನ ಬಂತು. ಆ ಶಾಸನವನ್ನೇ ಫ್ರೆಂಚಿನಲ್ಲಿ ಬರೆದಿದ್ದರು. ಕಡತಗಳಿಂದ ಲ್ಯಾಟಿನ್ ಮತ್ತು ಫ್ರೆಂಚ್ ಕಾಯ್ದೆಯ ಮೂಲಕ ಹೊರಬಿದ್ದದ್ದು 1733ರಲ್ಲಿ, ಕಾಳಗ ಮುಗಿದು 667 ವರ್ಷಗಳ ಮೇಲೆ.

ನಿಮಗೆ ಇದು ಹೊಸದೆನಿಸಲಾರದು. ನಮ್ಮ ನ್ಯಾಯಾಲಯದ ಕನ್ನಡದಲ್ಲಿ ಅರ್ಜಿ, ವಕೀಲ, ಜಾಮೀನು, ಕಾಯ್ದೆ ಎಲ್ಲಿಂದ ಬಂದವು? ನಿಮ್ಮ ಹುದ್ದೆಯ ಹೆಸರೇ ಪಾರಸಿಯದು. ಆಳಿದವರು ಹೋದರೂ ಅವರ ಕಚೇರಿಯ ಮಾತು ಹೋಗುವುದಿಲ್ಲ.

ಪ್ರಶ್ನೆ: ‘ಗೋ’ಗೆ ‘ವೆಂಟ್’, ‘ಫುಟ್’ಗೆ ‘ಫೀಟ್’, ‘ಚೈಲ್ಡ್’ಗೆ ‘ಚಿಲ್ಡ್ರನ್’. ನಿಯಮವೇ ಇಲ್ಲದ ವ್ಯಾಕರಣ ಯಾಕೆ ಕಲಿಯಬೇಕು ಮೇಡಂ? (ಪದವಿ ವಿದ್ಯಾರ್ಥಿ)

ಉತ್ತರ: ನಿಯಮ ಇತ್ತಪ್ಪ, ಅದರ ಕಾರಣ ಕಾಣದಂತಾಗಿದೆ ಅಷ್ಟೇ. ಬಹಳ ಹಿಂದೆ ‘ಫೋಟ್’ ಎಂಬ ಪದದ ಬಹುವಚನದಲ್ಲಿ ‘ಇ’ಕಾರದ ಪ್ರತ್ಯಯವಿತ್ತು. ಮುಂದೆ ಬರುವ ‘ಇ’ಗೆ ನಾಲಗೆ ಮೊದಲೇ ಸಜ್ಜಾಗಿ ‘ಓ’ವನ್ನು ‘ಏ’ ಕಡೆಗೆ ಎಳೆಯಿತು. ಆಮೇಲೆ ಆ ‘ಇ’ ಬಿದ್ದುಹೋಯಿತು, ಅದು ಮಾಡಿದ ಬದಲಾವಣೆ ಉಳಿಯಿತು. ‘ಮೌಸ್–ಮೈಸ್’, ‘ಟೂತ್–ಟೀತ್’ ಕೂಡ ಹೀಗೆಯೇ. ‘ಚಿಲ್ಡ್ರನ್’ನಲ್ಲಿ ಎರಡು ಬಹುವಚನಗಳಿವೆ: ಹಳೆಯ ‘ರ್’ಕಾರ ಜನರಿಗೆ ಬಹುವಚನವೆಂದು ಅನಿಸದಾದಾಗ, ‘ಆಕ್ಸನ್’ ಪದದಲ್ಲಿರುವ ‘ಅನ್’ ಅನ್ನು ಅದರ ಮೇಲೆ ಸೇರಿಸಿದರು. ‘ವೆಂಟ್’ ಇನ್ನೊಂದು ಕ್ರಿಯಾಪದದ್ದು, ‘ವೆಂಡ್’ ಎಂಬುದರ ಭೂತಕಾಲ. ‘ಗೋ’ದ ಹಳೆಯ ಭೂತಕಾಲ ಮರೆಯಾದಾಗ ಇದು ಆ ಜಾಗದಲ್ಲಿ ಕೂತಿತು.

ಕಳೆದುಹೋದದ್ದರ ಮುಂದೆ ಈ ಅಪವಾದಗಳು ಏನೂ ಅಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಜಡವಸ್ತುವಿಗೂ ಲಿಂಗವಿತ್ತು. ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಹೆಂಗಸು ಎಂಬರ್ಥದ ‘ವೀಫ್’ ನಪುಂಸಕ. ಕನ್ನಡದ ಹಾಗೆ ವಿಭಕ್ತಿಗಳಿದ್ದವು, ಹಾಗಾಗಿ ಪದಗಳನ್ನು ಹಿಂದುಮುಂದು ಮಾಡಬಹುದಿತ್ತು. ‘ರಾವಣನನ್ನು ರಾಮ ಕೊಂದ’ ಎಂದರೂ ಕೊಂದವನು ರಾಮನೇ ತಾನೆ? ಈಗಿನ ಇಂಗ್ಲಿಷಿನಲ್ಲಿ ಹಾಗೆ ತಿರುಗಿಸಿದರೆ ರಾಮನೇ ಸತ್ತುಹೋಗುತ್ತಾನೆ. ವಿಭಕ್ತಿ ಸವೆಯಲು ಒಂದು ಕಾರಣ ಪದದ ಮೊದಲ ಭಾಗದ ಮೇಲೆ ಬೀಳುವ ಒತ್ತು. ಇನ್ನೊಂದು, ಹಲವು ವಿದ್ವಾಂಸರು ಹೇಳುವಂತೆ, ಸ್ಕಾಂಡಿನೇವಿಯದಿಂದ ಬಂದ ನಾರ್ಸ್ ಭಾಷಿಕರ ಒಡನಾಟ. 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿ ಮಾಡಿದ ವೈಕಿಂಗರ ನಂತರದವರು ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲೆಸಿ, ಮದುವೆ–ವ್ಯಾಪಾರ ನಡೆಸಿದರು. ಎರಡೂ ಭಾಷೆಗಳ ಧಾತುಗಳು ಒಂದೇ ಥರ, ಪ್ರತ್ಯಯಗಳು ಬೇರೆ. ಅರ್ಥವಾಗಬೇಕೆಂದರೆ ಪ್ರತ್ಯಯ ನುಂಗಿದರೆ ಸಾಕು. ಈ ಮಾತು ನನಗೆ ಒಪ್ಪಿಗೆಯಾಗಿದೆ. ಬೇರೆ ಭಾಷೆಯಿಂದ ಸರ್ವನಾಮ ಎರವಲು ತರುವುದು ಅಪರೂಪ, ಆದರೆ ಇಂಗ್ಲಿಷಿನ ‘ದೇ’, ‘ದೆಮ್’, ‘ದೇರ್’ ನಾರ್ಸ್‌ನಿಂದ ಬಂದವು. ಒಂದೇ ಒಲೆಯ ಮುಂದೆ ಕೂರದೆ ಇಷ್ಟು ಕೊಡುಕೊಳ್ಳುವಿಕೆ ಆಗದು. ‘ವಿಂಡೋ’ ಕೂಡ ಅವರದೇ, ಮೂಲದಲ್ಲಿ ‘ಗಾಳಿಯ ಕಣ್ಣು’. ನಮ್ಮಲ್ಲಿ ಬಳಕೆಯಲ್ಲಿರುವ ‘ಗವಾಕ್ಷ’ ಹಸುವಿನ ಕಣ್ಣು. ಗೋಡೆಯ ತೂತನ್ನು ನೋಡಿದವರಿಗೆಲ್ಲ ಕಣ್ಣೇ ನೆನಪಾಗಿದೆ.

ಪ್ರಶ್ನೆ: ಬ್ರಿಟಿಷ್ ಇಂಗ್ಲಿಷ್ ಸರಿಯೋ, ಅಮೆರಿಕನ್ ಸರಿಯೋ? ತೀರ್ಮಾನಿಸುವ ಸಂಸ್ಥೆ ಇದೆಯೇ?

ಉತ್ತರ: ಇಲ್ಲ. ಫ್ರೆಂಚರಿಗೆ 1635ರಿಂದ ಅಕಾಡೆಮಿ ಇದೆ. ಇಂಗ್ಲಿಷಿಗೂ ಅಂಥದ್ದು ಬೇಕೆಂದು ಲೇಖಕ ಜೊನಾಥನ್ ಸ್ವಿಫ್ಟ್ 1712ರಲ್ಲಿ ಪ್ರಸ್ತಾವ ಮಾಡಿದ, ಅದು ಕೈಗೂಡಲಿಲ್ಲ.

‘ಯಾವುದು ಸರಿ’ ಎಂಬ ಸಂಕಟ ಕ್ಯಾಕ್ಸ್‌ಟನ್ನನನ್ನೂ ಕಾಡಿತ್ತು. 1490ರಲ್ಲಿ ತಾನು ಅಚ್ಚು ಮಾಡಿದ ಪುಸ್ತಕವೊಂದರ ಮುನ್ನುಡಿಯಲ್ಲಿ ಅವನೊಂದು ಘಟನೆ ಹೇಳುತ್ತಾನೆ. ವರ್ತಕರ ಹಡಗೊಂದು ಥೇಮ್ಸ್ ನದಿಯಿಂದ ಹೊರಟು, ಗಾಳಿಯಿಲ್ಲದೆ ಕರಾವಳಿಯಲ್ಲಿ ನಿಂತುಬಿಟ್ಟಿತು. ಒಬ್ಬ ವರ್ತಕ ದಡಕ್ಕೆ ಬಂದು ಒಂದು ಮನೆಯಲ್ಲಿ ‘ಎಗ್ಸ್’, ಅಂದರೆ ಮೊಟ್ಟೆ ಕೇಳಿದ. ಮನೆಯಾಕೆ ‘ನನಗೆ ಫ್ರೆಂಚ್ ಬಾರದು’ ಎಂದಳು. ವರ್ತಕನಿಗೆ ಸಿಟ್ಟು ಬಂತು, ಯಾಕೆಂದರೆ ಅವನಿಗೂ ಫ್ರೆಂಚ್ ಬಾರದು. ಕೊನೆಗೆ ಇನ್ನೊಬ್ಬ ‘ಎಯ್‌ರೆನ್’ ಎಂದ ಮೇಲೆ ಆಕೆಗೆ ತಿಳಿಯಿತು. ಎರಡೂ ಇಂಗ್ಲಿಷೇ. ‘ಎಯ್‌ರೆನ್’ ಹಳೆಯ ಇಂಗ್ಲಿಷಿನದು, ‘ಎಗ್’ ಉತ್ತರದಲ್ಲಿ ನೆಲೆಸಿದ ನಾರ್ಸ್ ಜನರದು. ಈ ಕಾಲದಲ್ಲಿ ಮನುಷ್ಯ ಯಾವುದನ್ನು ಬರೆಯಬೇಕು ಎಂದು ಕ್ಯಾಕ್ಸ್‌ಟನ್ ಕೇಳುತ್ತಾನೆ. ವರ್ತಕ ‘ಕೇಳಿದ’ ಎನ್ನಲು ಅವನು ಬಳಸಿದ ರೂಪ ‘ಆಕ್ಸ್‌ಡ್’. ಇವತ್ತು ಯಾರಾದರೂ ‘ಆಸ್ಕ್’ ಬದಲು ‘ಆಕ್ಸ್’ ಎಂದರೆ ಓದು ಬಾರದವರು ಎಂದು ತಿದ್ದುತ್ತಾರೆ. ಇಂಗ್ಲೆಂಡಿನ ಮೊದಲ ಮುದ್ರಕನೇ ಹಾಗೆ ಬರೆದಿದ್ದಾನೆ.

ಅಮೆರಿಕದ ಕಾಗುಣಿತ ಬಹುಮಟ್ಟಿಗೆ ನೋವಾ ವೆಬ್‌ಸ್ಟರ್‌ನ 1828ರ ನಿಘಂಟಿನಿಂದ ನೆಲೆಯೂರಿತು. ಆದರೆ ಅಮೆರಿಕನ್ನರದು ಹೊಸದು, ಬ್ರಿಟಿಷರದು ಹಳೆಯದು ಎಂದುಕೊಳ್ಳಬೇಡಿ. ಪದದ ಕೊನೆಯ ‘ರ್’ ಅನ್ನು ಸ್ಪಷ್ಟವಾಗಿ ಹೇಳುವುದು, ‘ಗೆಟ್’ ಕ್ರಿಯಾಪದದ ‘ಗಾಟನ್’ ಎಂಬ ರೂಪ, ಇವೆಲ್ಲ ಇಂಗ್ಲೆಂಡಿನಿಂದ ಹೋದ ಹಳೆಯ ಸರಕು. ದಕ್ಷಿಣ ಇಂಗ್ಲೆಂಡ್ ಆಮೇಲೆ ಬಿಟ್ಟುಕೊಟ್ಟಿತು. ಒಂದು ಬರಹದಲ್ಲಿ ಒಂದೇ ಪದ್ಧತಿ ಇರಲಿ, ಅಷ್ಟು ಸಾಕು.

ಪ್ರಶ್ನೆ: ಇಂಗ್ಲಿಷ್ ಸುಲಭ, ವೈಜ್ಞಾನಿಕ. ಅದಕ್ಕೇ ಜಗತ್ತಿನಾದ್ಯಂತ ಹರಡಿತು ಎಂಬುದು ನನ್ನ ವಾದ. ಒಪ್ಪುತ್ತೀರಾ?

ಉತ್ತರ: ಒಪ್ಪುವುದಿಲ್ಲ. ಮೇಲಿನ ತಾಯಿಯ ಪತ್ರ ಓದಿದ ಮೇಲೆ ‘ಸುಲಭ’ ಎನ್ನಲು ನಿಮಗೂ ಮನಸ್ಸು ಬಾರದು. ಭಾಷೆ ಹರಡುವುದು ಹಡಗು, ಸೈನ್ಯ, ಲೇವಾದೇವಿಯ ಬೆನ್ನೇರಿ. 1600ರಲ್ಲಿ ಇಂಗ್ಲಿಷ್ ಒಂದು ದ್ವೀಪದ ಕೆಲವು ದಶಲಕ್ಷ ಜನರ ಮಾತು. ಅದೇ ವರ್ಷದ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಸಿಕ್ಕಿತು. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್, 1788ರಲ್ಲಿ ಕೈದಿಗಳ ಹಡಗುಗಳು ಇಳಿದ ಸಿಡ್ನಿ. ನಡುವೆ ಆಫ್ರಿಕದಿಂದ ಬೇರೆಬೇರೆ ಭಾಷೆಯ ಜನರನ್ನು ಒಂದೇ ಹಡಗಿಗೆ ತುಂಬಿ ಕೆರಿಬಿಯನ್ ತೋಟಗಳಿಗೆ ಸಾಗಿಸಿದರು. ಪಕ್ಕದವನ ಮಾತು ಅರ್ಥವಾಗದ ಆ ಜನ ಧಣಿಯ ಭಾಷೆಯ ಚೂರುಗಳಿಂದಲೇ ಹೊಸ ಭಾಷೆ ಕಟ್ಟಿಕೊಂಡರು. ಜಮೈಕದ ಕ್ರಿಯೋಲ್ ಹುಟ್ಟಿದ್ದು ಹಾಗೆ. ಭಾರತದಲ್ಲಿ ಮೆಕಾಲೆಯ 1835ರ ಟಿಪ್ಪಣಿ, 1857ರ ಮೂರು ವಿಶ್ವವಿದ್ಯಾಲಯಗಳು ನಿಮಗೆ ಗೊತ್ತೇ ಇವೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಬಲ ಕುಗ್ಗಿದಾಗ, ಅದೇ ಭಾಷೆಯ ಅಮೆರಿಕ ಮೇಲೆದ್ದಿತು. ಈ ಎರಡನೆಯ ಬಲ ಇಲ್ಲದಿದ್ದರೆ ಕತೆಯೇ ಬೇರೆಯಾಗುತ್ತಿತ್ತು.

ವೇಲ್ಸ್‌ನ ಮಾತು ಬಾಕಿ ಇದೆ. 19ನೇ ಶತಮಾನದಲ್ಲಿ ಅಲ್ಲಿನ ಹಲವು ಶಾಲೆಗಳಲ್ಲಿ ಒಂದು ಪದ್ಧತಿಯಿತ್ತು. ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ‘ವೆಲ್ಷ್ ನಾಟ್’ ಎಂಬ ಮರದ ತುಂಡನ್ನು ನೇತುಹಾಕುತ್ತಿದ್ದರು. ಕೆಲವದರ ಮೇಲೆ ‘ಡಬ್ಲ್ಯೂ, ಎನ್’ ಎಂದು ಕೊರೆದಿರುತ್ತಿತ್ತು. ಇನ್ನೊಂದು ಮಗು ಮನೆಮಾತಾಡಿದ್ದು ಕಿವಿಗೆ ಬಿದ್ದರೆ ತುಂಡು ಅದರ ಕೊರಳಿಗೆ ದಾಟಬೇಕು. ಸಂಜೆ ಶಾಲೆ ಬಿಡುವಾಗ ಯಾರ ಕೊರಳಲ್ಲಿದೆಯೋ ಅವರಿಗೆ ಪೆಟ್ಟು. ಅಂದರೆ ಮಕ್ಕಳು ದಿನವಿಡೀ ಗೆಳೆಯರ ಬಾಯಿಯನ್ನೇ ಕಾಯುತ್ತಿದ್ದರು. ಇಂಗ್ಲಿಷಿನ ವೈಜ್ಞಾನಿಕತೆಯ ಬಗ್ಗೆ ಯಾರಾದರೂ ಹೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಮರದ ತುಂಡು. ಆದರೂ ವೆಲ್ಷ್ ಸಾಯಲಿಲ್ಲ. 2011ರ ಶಾಸನದಿಂದ ವೇಲ್ಸ್‌ನಲ್ಲಿ ಅದಕ್ಕೆ ಅಧಿಕೃತ ಸ್ಥಾನ ಸಿಕ್ಕಿದೆ, ಶಾಲೆಗಳಲ್ಲಿ ಕಲಿಸುತ್ತಾರೆ.

ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಬದುಕಿಡೀ ಕಲಿಸಿದವಳು ನಾನು, ಅದನ್ನು ಪ್ರೀತಿಸುತ್ತೇನೆ. ಅದು ಹರಡಿದ್ದಕ್ಕೆ ಅದರ ಗುಣ ಕಾರಣ ಎನ್ನಬೇಡಿ, ಇಷ್ಟೇ ನನ್ನ ಬೇಡಿಕೆ.

ಪ್ರಶ್ನೆ: ಪಪುವಾ ನ್ಯೂಗಿನಿಯಲ್ಲಿ ಜನ ಹರಕುಮುರುಕು ಇಂಗ್ಲಿಷ್ ಮಾತಾಡುತ್ತಾರಂತೆ, ನಿಜವೇ?

ಉತ್ತರ: ಅದರ ಹೆಸರು ಟೋಕ್ ಪಿಸಿನ್. ಎಂಟು ನೂರಕ್ಕೂ ಹೆಚ್ಚು ಭಾಷೆಗಳಿರುವ ಆ ದೇಶದ ಅಧಿಕೃತ ಭಾಷೆಗಳಲ್ಲಿ ಒಂದು, ಸಂಸತ್ತಿನಲ್ಲೂ ಮಾತಾಡುತ್ತಾರೆ. ಪದಗಳು ಬಹುಪಾಲು ಇಂಗ್ಲಿಷಿನವು, ವ್ಯಾಕರಣ ಟೋಕ್ ಪಿಸಿನ್‌ನ ಸ್ವಂತದ್ದು. ಆಸ್ಪತ್ರೆಗೆ ‘ಹೌಸ್ ಸಿಕ್’ ಎನ್ನುತ್ತಾರೆ. ಹರಕುಮುರುಕು ಎನ್ನುವ ಮೊದಲು ಒಂದು ಸಂಗತಿ ಗಮನಿಸಿ. ‘ನಾವು ನಾಳೆ ಹೋಗುತ್ತೇವೆ’ ಎಂದು ನಾನು ನಿಮಗೆ ಹೇಳಿದರೆ, ನಿಮ್ಮನ್ನೂ ಸೇರಿಸಿ ಹೇಳಿದೆನೋ ಬಿಟ್ಟು ಹೇಳಿದೆನೋ? ಈಗಿನ ಕನ್ನಡದಲ್ಲಿ ತಿಳಿಯುವುದಿಲ್ಲ, ಇಂಗ್ಲಿಷಿನ ‘ವಿ’ಯಲ್ಲೂ ತಿಳಿಯುವುದಿಲ್ಲ. ತೆಲುಗಿನವರು ‘ಮನಂ’, ‘ಮೇಮು’ ಎಂದು ಬೇರೆ ಮಾಡುತ್ತಾರೆ. ಟೋಕ್ ಪಿಸಿನ್ ಕೂಡ ಮಾಡುತ್ತದೆ. ಕೇಳುವವರನ್ನು ಬಿಟ್ಟ ನಾವು ‘ಮಿಪೆಲಾ’. ಕೇಳುವವರನ್ನು ಸೇರಿಸಿಕೊಂಡ ನಾವು ‘ಯೂಮಿ’, ಇಂಗ್ಲಿಷಿನ ‘ಯೂ’ ಮತ್ತು ‘ಮಿ’ ಎರಡನ್ನೂ ಒಟ್ಟಿಗೆ ಹೊಲಿದದ್ದು. ನೀವು, ನಾನು, ಇಬ್ಬರೇ ಆದರೆ ‘ಯೂಮಿತುಪೆಲಾ’.